ಅತ್ತೆಗೆ ಕೊಟ್ಟ ಎರಡು ನಿಮಿಷ

ಪ್ರಾರ್ಥನೆಯ ನಡುವೆ ಒಂದು ಕಣ್ಣು ತೆರೆದು ನೋಡುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಅರವತ್ತೊಂದು ತುಂಬಿದರೂ ಹೋಗಿಲ್ಲ. ದೇವಾಲಯದಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೂತಾಗ ನನ್ನ ಎಡಗಣ್ಣು ತಾನಾಗಿಯೇ ಅರ್ಧ ತೆರೆದುಕೊಂಡು ಗೋಡೆಯ ಗಡಿಯಾರವನ್ನು ನೋಡಿಬರುತ್ತದೆ. ಇದನ್ನು ದೇವರು ಎಂದೋ ಕ್ಷಮಿಸಿದ್ದಾನೆ ಎಂದೇ ನನ್ನ ನಂಬಿಕೆ. ಏಕೆಂದರೆ ನನಗೆ ಅಂಥ ಕೆಲಸ ಕೊಡಿಸಿದವನೂ ಅವನೇ. ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ನಾನು ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದೇ ಕೆಲಸ. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಟೀ ಕುಡಿಯಲು ಹೋದ ಡ್ರೈವರ್ ಮೇಲೆ. ಎರಡೂ ಕಣ್ಣು ಒಟ್ಟಿಗೆ ಮುಚ್ಚುವ ಭಾಗ್ಯ ನನಗೆಲ್ಲಿತ್ತು, ನೀವೇ ಹೇಳಿ.

ಆದರೆ ನಿಜ ಹೇಳಬೇಕೆಂದರೆ ಚಾಳಿ ಶುರುವಾದದ್ದು ಬಸ್ ನಿಲ್ದಾಣದಲ್ಲಲ್ಲ, ಊಟದ ಚಾಪೆಯ ಮೇಲೆ. ನಮ್ಮದು ಮೈಸೂರಿನ ಹಳೆಯ ಕನ್ನಡ ಕ್ರೈಸ್ತ ಕುಟುಂಬ. ಊಟಕ್ಕೆ ಮೊದಲು ಪ್ರಾರ್ಥನೆ ಆಗಲೇಬೇಕು. ಅದನ್ನು ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರೇ ಮಾಡಬೇಕು. ಬೇರೆ ಮನೆಗಳ ಹಿರಿಯರು ಎರಡು ಮಾತು ಹೇಳಿ ಆಮೆನ್ ಎಂದು ಅನ್ನಕ್ಕೆ ಕೈ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ತಾತ ತೀರಿಕೊಂಡ ಮೇಲೆ ಆ ಹಕ್ಕು ಅಪ್ಪನ ಅಕ್ಕ, ನನ್ನ ಸೋದರತ್ತೆ ಸುಗುಣಮ್ಮನವರ ಪಾಲಿಗೆ ಬಂತು. ಅತ್ತೆ ಮದುವೆಯಾಗಲಿಲ್ಲ, ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದರು, ನಮ್ಮ ಜೊತೆಗೇ ಇದ್ದರು. ದಿನವಿಡೀ ಒಂದನೇ ಕ್ಲಾಸಿನ ಮಕ್ಕಳ ಹಾಜರಿ ಕೂಗುತ್ತಿದ್ದವರಿಗೆ ಆ ಅಭ್ಯಾಸ ದೇವರ ಮುಂದೆಯೂ ಬಿಡಲಿಲ್ಲವೋ ಏನೋ, ಅವರ ಪ್ರಾರ್ಥನೆಯಲ್ಲಿ ಎಲ್ಲರ ಹೆಸರೂ ಬರಬೇಕಿತ್ತು.

ಮೊದಲು ಮನೆಯವರು, ದೊಡ್ಡವರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ. ಆಮೇಲೆ ಬೀದಿ. ಎಡಗಡೆ ಮನೆ, ಬಲಗಡೆ ಮನೆ, ಎದುರುಮನೆಯ ಪುಟ್ಟತಾಯಮ್ಮ, ಅವರ ಮಂಡಿನೋವು. ಹಾಲು ಕೊಡುವ ಶಿವಣ್ಣ, ಶಿವಣ್ಣನ ಹಸು, ಹಸುವಿನ ಕೆಚ್ಚಲು ಬಾವು. ಆಮೇಲೆ ಆಸ್ಪತ್ರೆಯಲ್ಲಿರುವವರು, ಜೈಲಿನಲ್ಲಿರುವವರು, ದೇಶ ಆಳುವವರು. ಕೊನೆಗೆ ಸಮುದ್ರದ ಮೇಲೆ ಹಡಗಿನಲ್ಲಿ ಪ್ರಯಾಣ ಮಾಡುತ್ತಿರುವವರು. ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಕೆ.ಆರ್.ಎಸ್. ಹಿನ್ನೀರೇ ನಮಗೆ ಸಮುದ್ರ. ಆದರೂ ಹಡಗು ದಡ ಸೇರುವವರೆಗೆ ನಮಗೆ ಊಟವಿಲ್ಲ. ಭಾನುವಾರದ ಮಟನ್ ಸಾರು ನಮ್ಮ ಕಣ್ಣೆದುರೇ ಆರಿ ಮೇಲೆ ಕೊಬ್ಬು ಕಟ್ಟುತ್ತಿತ್ತು. ನಾನು ಒಂದು ಕಣ್ಣು ತೆರೆದು ನನ್ನ ತಟ್ಟೆಯ ಮೂಳೆ ತಮ್ಮನ ತಟ್ಟೆಗೆ ಹೋಗಿಲ್ಲವಷ್ಟೇ ಎಂದು ಕಾಯುತ್ತಿದ್ದೆ. ಅವನೂ ಒಂದು ಕಣ್ಣು ತೆರೆದು ನನ್ನನ್ನು ಕಾಯುತ್ತಿದ್ದ.

ಆ ಪ್ರಾರ್ಥನೆಯ ಬೆಲೆ ನನಗೆ ಮೊದಲು ಗೊತ್ತಾದದ್ದು ಏಳನೇ ಕ್ಲಾಸಿನಲ್ಲಿ. ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ಬಂದಿತ್ತು. ಅಪ್ಪನ ಕೈ ಎಂಥದೆಂದು ನನ್ನ ಬೆನ್ನಿಗೆ ಗೊತ್ತಿತ್ತು. ಪ್ರಗತಿಪತ್ರವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು ಎರಡು ದಿನ ಅನ್ನ ಸೇರದೆ ಓಡಾಡಿದೆ. ಅತ್ತೆ ಜಗುಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಏನಾಯಿತೋ ಎಂದು ಕೇಳಿದರು. ಕೇಳಿ ಸುಮ್ಮನೆ ಕೂತರು. ಆ ಸುಮ್ಮನೆ ಕೂರುವುದಿದೆಯಲ್ಲ, ಅದರ ಮುಂದೆ ಯಾವ ಪೊಲೀಸಿನವರ ಲಾಠಿಯೂ ಇಲ್ಲ. ನಾನು ಎಲ್ಲ ಬಾಯಿಬಿಟ್ಟೆ. ಅಂದು ಊಟದ ಹೊತ್ತಿಗೆ ಮನೆಯವರನ್ನೆಲ್ಲ ಹೆಸರು ಹಿಡಿದು ನೆನೆಯುತ್ತ ಅತ್ತೆ ನನ್ನ ಹೆಸರಿಗೆ ಬಂದು ನಿಂತರು.

“ಕರ್ತನೇ, ನಮ್ಮ ಪ್ರಸಾದ ಲೆಕ್ಕದಲ್ಲಿ ಹನ್ನೊಂದು ತಗೊಂಡಿರೋದನ್ನ ಅವರಪ್ಪನಿಗೆ ಹೇಳೋಕೆ ಹೆದರ್ಕೊಂಡಿದಾನೆ. ಅವನಿಗೆ ಧೈರ್ಯ ಕೊಡು. ಅವರಪ್ಪನಿಗೆ ತಾಳ್ಮೆ ಕೊಡು.”

ಮತ್ತೆ ತಡಮಾಡದೆ ಬೀದಿಗೆ ಇಳಿದರು. ಪುಟ್ಟತಾಯಮ್ಮ, ಮಂಡಿನೋವು, ಹಸು, ಕೆಚ್ಚಲು, ಹಡಗು. ನಾನು ಒಂದು ಕಣ್ಣು ತೆರೆದು ನೋಡಿದೆ. ಅಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮೂಗಿನಲ್ಲಿ ಬುಸುಗುಟ್ಟುತ್ತಿದ್ದರು. ಪ್ರಾರ್ಥನೆಯ ನಡುವೆ ಎದ್ದು ಹೊಡೆಯುವ ಹಾಗಿಲ್ಲ. ಎದುರು ಮಾತಾಡುವ ಹಾಗೂ ಇಲ್ಲ, ಏಕೆಂದರೆ ಅತ್ತೆ ಮಾತಾಡುತ್ತಿದ್ದದ್ದು ಅವರ ಜೊತೆಯಲ್ಲ. ಹಡಗು ದಡ ಸೇರುವ ಹೊತ್ತಿಗೆ ಅಪ್ಪನ ಕೋಪವೂ ಸಾರಿನ ಹಾಗೆ ಆರಿತ್ತು. ಆಮೆನ್ ಆದ ಮೇಲೆ ಅವರು ಹೇಳಿದ್ದು ನಾಳೆಯಿಂದ ಲೆಕ್ಕಕ್ಕೆ ನನ್ನ ಹತ್ತಿರ ಕೂತುಕೋ ಎಂದಷ್ಟೇ.

ಹೀಗೆ ನಮ್ಮ ಮನೆಯ ಎಷ್ಟೋ ಕಷ್ಟದ ಮಾತುಗಳು ಊಟದ ಪ್ರಾರ್ಥನೆಯಲ್ಲೇ ಹೊರಬಂದವು. ನನ್ನ ಹೆಂಡತಿ ವನಜ ಹೊಸದಾಗಿ ಬಂದಾಗ ಅವಳಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮಮ್ಮನಿಗೆ ಹೇಳುವ ಧೈರ್ಯ ಅವಳಿಗಿಲ್ಲ, ನನಗಂತೂ ಮೊದಲೇ ಇಲ್ಲ. ಅತ್ತೆ ಅದನ್ನೂ ದೇವರಿಗೆ ತಿಳಿಸಿದರು, ಮರುದಿನದಿಂದ ಅವಳಿಗೆಂದು ಒಂದು ಹಿಡಿ ಅಕ್ಕಿ ಹೆಚ್ಚಾಗಿ ಬೇಯತೊಡಗಿತು. ಎದುರುಮನೆಯ ಪುಟ್ಟತಾಯಮ್ಮನವರು ಮಠಕ್ಕೆ ನಡೆದುಕೊಳ್ಳುವ ಶಿವಭಕ್ತರು, ಹಣೆಯ ತುಂಬ ವಿಭೂತಿ. ಅವರೇ ಒಂದು ದಿನ ಬಂದು, “ಟೀಚರಮ್ಮ, ನಮ್ಮುಡ್ಗನ್ ಪರೀಕ್ಷೆ ಐತೆ, ನಿಮ್ ಪ್ರಾರ್ಥನೆಗೆ ಸೇರಿಸ್ಕೊಂಬುಡಿ” ಎಂದು ಹೇಳಿ ಒಂದು ಸೋರೆಕಾಯಿ ಕೊಟ್ಟು ಹೋದರು. ಸೋರೆಕಾಯಿ ಇಲ್ಲದಿದ್ದರೂ ಅತ್ತೆ ಸೇರಿಸಿಕೊಳ್ಳುತ್ತಿದ್ದರು ಬಿಡಿ.

ಈಗ ನಾವು ಹಿನಕಲ್ಲಿನಲ್ಲಿ ಚಿಕ್ಕದೊಂದು ಮನೆ ಕಟ್ಟಿಕೊಂಡಿದ್ದೇವೆ. ಅಪ್ಪ, ಅಮ್ಮ ಇಲ್ಲ. ಅತ್ತೆ ಇದ್ದಾರೆ, ಎಂಬತ್ತಾರು ವರ್ಷ, ಕನ್ನಡಕ ದಪ್ಪಗಾಗಿದೆ, ಹೆಸರುಗಳು ಮಾತ್ರ ಒಂದೂ ಉದುರಿಲ್ಲ. ಬೆಳಿಗ್ಗೆ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರೆ ಹಾದುಹೋಗುವವರೆಲ್ಲ ಗೇಟಿನ ಹತ್ತಿರ ನಿಂತು ವರದಿ ಒಪ್ಪಿಸಿಯೇ ಹೋಗಬೇಕು. ಹಡಗು ಬಿಟ್ಟಿಲ್ಲ, ಈಗ ವಿಮಾನವೂ ಸೇರಿಕೊಂಡಿದೆ.

ನನ್ನ ತಪ್ಪನ್ನು ಹೇಳುವುದಕ್ಕೆ ಮೊದಲು ನನ್ನ ಹೆಗ್ಗಳಿಕೆಯನ್ನೂ ಹೇಳಿಬಿಡುತ್ತೇನೆ, ಆಗ ತಪ್ಪಿನ ತೂಕ ನಿಮಗೆ ಸರಿಯಾಗಿ ಸಿಗುತ್ತದೆ. ನಮ್ಮ ದೇವಾಲಯದ ಸಭೆಯಲ್ಲಿ ವರ್ಷಕ್ಕೊಂದು ಹಿರಿಯರ ಭಾನುವಾರ ಆಚರಿಸುತ್ತೇವೆ. ಹೋದ ವರ್ಷ ಅಂದು ಪ್ರಸಂಗ ಮಾಡುವ ಅವಕಾಶವನ್ನು ಅಯ್ಯನವರು ನನಗೆ ಕೊಟ್ಟರು. ನಮ್ಮ ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಇಪ್ಪತ್ತೈದು ನಿಮಿಷ ಮಾತಾಡಿದೆ. ನರೆತ ತಲೆ ಕಂಡರೆ ಎದ್ದು ನಿಲ್ಲಬೇಕೆಂದು ದೇವರೇ ಹೇಳಿದ್ದಾನೆ ಎಂದೆ. ತಂದೆತಾಯಿಯನ್ನು ಗೌರವಿಸುವ ಆಜ್ಞೆಯ ಜೊತೆಗೆ ಮಾತ್ರ ಆಶೀರ್ವಾದದ ಮಾತು ಇಟ್ಟಿದ್ದಾನೆ, ಗಮನಿಸಿ ಎಂದೆ. ಕೂಸಾಗಿದ್ದ ಯೇಸುವನ್ನು ದೇವಾಲಯಕ್ಕೆ ಎತ್ತಿಕೊಂಡು ಬಂದಾಗ ಅಷ್ಟು ಜನ ಯಾಜಕರಿದ್ದರೂ ಅವನು ಯಾರೆಂದು ಗುರುತು ಹಿಡಿದವರು ಒಬ್ಬ ಮುದುಕ ಮತ್ತು ಒಬ್ಬಳು ವಿಧವೆ ಅಜ್ಜಿ, ಬೇರೆ ಯಾರಿಗೂ ಆ ಕಣ್ಣಿರಲಿಲ್ಲ ಎಂದು ಪೀಠ ಗುದ್ದಿ ಹೇಳಿದೆ. ಜನ ಮೆಚ್ಚಿದರು. ಅತ್ತೆ ಮೂರನೆಯ ಬೆಂಚಿನಲ್ಲಿ ಕೂತು ಕೇಳಿದರು. ಮನೆಗೆ ಬಂದು ಎಲ್ಲ ಹಿರಿಯರ ಜೊತೆ ತಮಗೂ ಹೊದಿಸಿದ್ದ ಶಾಲನ್ನು ಮಡಿಚಿ ಬೀರುವಿನಲ್ಲಿಟ್ಟರು.

ಅದಾಗಿ ಎರಡು ತಿಂಗಳಿಗೆ ಮಗಳು ಕೃಪಾಳ ನಿಶ್ಚಿತಾರ್ಥ. ಕೃಪಾ ಒಂದು ಆಸ್ಪತ್ರೆಯಲ್ಲಿ ನರ್ಸ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಳ್ಳುವ ವಾರ್ಡಿನಲ್ಲಿ ಅವಳ ಕೆಲಸ. ಹುಡುಗ ನಿರ್ಮಲ್, ಒಂಟಿಕೊಪ್ಪಲಿನಲ್ಲಿ ಸ್ವಂತ ಬೇಕರಿ ಇರುವ ದೇವಪ್ರಿಯ ಅವರ ಮಗ. ಒಳ್ಳೆಯ ಜನ. ಹುಡುಗ ಹುಡುಗಿ ಪರಸ್ಪರ ಒಪ್ಪಿದ್ದರು. ಮಾತುಕತೆಯ ದಿನ ದೇವಪ್ರಿಯ ಅವರು, ಮದುವೆಯಾದ ಮೇಲೆ ಕೃಪಾಳಿಗೆ ರಾತ್ರಿ ಪಾಳಿಯ ಕಷ್ಟ ಯಾಕೆ, ಆರಾಮಾಗಿ ಬೇಕರಿಯ ಗಲ್ಲಾದಲ್ಲಿ ಕೂರಲಿ ಎಂದರು. ಪ್ರೀತಿಯಿಂದಲೇ ಅಂದರು. ಅದಕ್ಕೇನಂತೆ, ಧಾರಾಳವಾಗಿ ಎಂದುಬಿಟ್ಟೆ ನಾನು. ಬಸ್ಸು ಹೊರಡಿಸಿದಷ್ಟು ಸಲೀಸಾಗಿ ಮಗಳ ಕೆಲಸ ಬಿಡಿಸಿಬಿಟ್ಟೆ. ಕೃಪಾ ಆಗ ಒಳಗೆ ಕಾಫಿ ಸೋಸುತ್ತಿದ್ದಳು.

ನಿಶ್ಚಿತಾರ್ಥ ಸಿದ್ಧಾರ್ಥನಗರದ ಒಂದು ಹಾಲ್‌ನಲ್ಲಿ. ಕಾರ್ಯಕ್ರಮದ ಪಟ್ಟಿ ನಾನೇ ಟೈಪ್ ಮಾಡಿಸಿದೆ, ನಿಮಿಷದ ಲೆಕ್ಕದಲ್ಲಿ. ಉಂಗುರ ಬದಲಾಯಿಸುವುದು ಇಷ್ಟು ಹೊತ್ತಿಗೆ, ಗೀತೆ ಇಷ್ಟು ಹೊತ್ತಿಗೆ, ಫೋಟೊ ಇಷ್ಟು ಹೊತ್ತಿಗೆ. ಊಟದ ಪ್ರಾರ್ಥನೆ ಎಂಬ ಕಡೆ ಅತ್ತೆಯ ಹೆಸರು ಬರೆಸಿ ಪಕ್ಕದಲ್ಲಿ ‘ಎರಡು ನಿಮಿಷ’ ಎಂದು ಹಾಕಿಸಿದೆ. ಹಿಂದಿನ ದಿನ ಅವರ ಕೈಗೆ ಪಟ್ಟಿ ಕೊಟ್ಟೆ. ಕನ್ನಡಕ ಏರಿಸಿ ಓದಿದರು. ಎರಡು ನಿಮಿಷವೇನೋ ಎಂದರು. ಅಡುಗೆಯವರು ಬಿರಿಯಾನಿ ದಮ್ ತೆಗೆದು ಕಾಯುತ್ತಿರುತ್ತಾರೆ, ಮೂರು ಗಂಟೆಗೆ ಹಾಲ್ ಬಿಟ್ಟುಕೊಡಬೇಕು, ನಿಮಗೂ ಅಷ್ಟು ಹೊತ್ತು ನಿಲ್ಲುವುದು ಕಷ್ಟ ಅತ್ತೆ ಎಂದು ನಾನು ಅವರ ಮಂಡಿಯನ್ನೂ ಸಾಕ್ಷಿಗೆ ಕರೆದೆ. ಅತ್ತೆ ಪಟ್ಟಿಯನ್ನು ನಾಲ್ಕಾಗಿ ಮಡಿಚಿದರು.

“ಆಯ್ತು ಬುಡು.”

ಮರುದಿನ ಮೈಕಿನ ಮುಂದೆ ನಿಂತು ಊಟ ಕೊಟ್ಟದ್ದಕ್ಕೆ ದೇವರಿಗೆ ವಂದನೆಯಾಗಿ ಸ್ತೋತ್ರ ಹೇಳಿದರು, ಹುಡುಗ ಹುಡುಗಿಯನ್ನು ಆಶೀರ್ವದಿಸು ಎಂದರು, ಆಮೆನ್ ಅಂದರು. ನಾನು ಎಡಗಣ್ಣು ತೆರೆದು ನೋಡಿದೆ, ಒಂದು ನಿಮಿಷ ಐವತ್ತು ಸೆಕೆಂಡು. ಹತ್ತು ಸೆಕೆಂಡು ಉಳಿತಾಯ! ಬೆಳಗಿನ ಮೊದಲ ಬಸ್ಸು ತುಂಬಿಕೊಂಡು ಸರಿಯಾದ ಹೊತ್ತಿಗೆ ಹೊರಟಾಗ ಆಗುತ್ತಿದ್ದಂಥ ಸಂತೋಷ ಆಯಿತು. ಬಿರಿಯಾನಿ ಹೊಗೆಯಾಡುತ್ತಿತ್ತು, ನೆಂಟರು ಬೆನ್ನು ತಟ್ಟಿದರು. ವೇದಿಕೆಯ ಮೇಲೆ ಕೃಪಾ ಮಾತ್ರ ಅಜ್ಜಿಯ ಕಡೆಗೇ ನೋಡುತ್ತ ಕೂತಿದ್ದಳು. ಫೋಟೊದವನು ಮೂರು ಸಲ ಕೂಗಿದ ಮೇಲೆ ಕ್ಯಾಮೆರಾ ಕಡೆ ತಿರುಗಿದಳು. ಆಯಾಸ ಅಂದುಕೊಂಡೆ.

ಅಂದಿನಿಂದ ಮನೆಯಲ್ಲೂ ಪ್ರಾರ್ಥನೆ ಗಿಡ್ಡವಾಯಿತು. “ಈ ಊಟಕ್ಕಾಗಿ ಸ್ತೋತ್ರ, ಆಮೆನ್.” ಅಷ್ಟೇ. ಮೊದಲ ವಾರ ನಾನು ಬಿಸಿ ಸಾರನ್ನು ಸೊರಸೊರ ಸುರಿದುಕೊಂಡು ಉಂಡೆ. ವಯಸ್ಸಾಯಿತಲ್ಲ, ದಣಿವಿರಬೇಕು, ಒಳ್ಳೆಯದೇ ಆಯಿತು ಎಂದು ವನಜಳಿಗೂ ಹೇಳಿದೆ. ಅವಳು ಹೂಂ ಅಂದಳು, ಬಾಯಿ ತೆರೆಯದೆ. ಅವಳು ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದಾಳೆಂದು ನನಗೆ ತಿಳಿದದ್ದು ಮೂರು ದಿನ ಬಿಟ್ಟು, ಅದೂ ಪಕ್ಕದ ಮನೆಯವರು ಹಲ್ಲು ಕೀಳಿಸಿದ ಮೇಲೆ ಹೇಗಿದ್ದಾರೆ ನಿಮ್ಮವರು ಎಂದು ಕೇಳಿದಾಗ. ಆಗ ಸ್ವಲ್ಪ ನಾಚಿಕೆಯಾಯಿತು. ಇಷ್ಟು ವರ್ಷ ನಾನು ನನ್ನ ಮನೆಯ ಸುದ್ದಿಯನ್ನು ಅತ್ತೆಯ ಪ್ರಾರ್ಥನೆಯಲ್ಲೇ ಕೇಳಿಕೊಂಡು ಬಂದಿದ್ದೆ, ಯಾರನ್ನೂ ನಾನಾಗಿ ಏನೂ ಕೇಳಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ದೇವಾಲಯದಲ್ಲಿ ಹುಡುಗ ಹುಡುಗಿಯ ಹೆಸರನ್ನು ಪ್ರಕಟಿಸುತ್ತಾರೆ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎನ್ನುತ್ತಾರೆ. ಮೊದಲನೆಯ ಪ್ರಕಟಣೆ ಆದ ವಾರ ದೇವಪ್ರಿಯ ಅವರ ಫೋನ್ ಬಂತು. ಗಲ್ಲಾಕ್ಕೆ ಮೆತ್ತನೆಯ ಹೊಸ ಕುರ್ಚಿ ತರಿಸಿದ್ದಾರಂತೆ, ತಲೆಯ ಮೇಲೆ ಒಂದು ಫ್ಯಾನೂ ಹಾಕಿಸಿದ್ದಾರಂತೆ. ನಾನು ಹಿಗ್ಗಿನಿಂದ ಕೃಪಾಳಿಗೆ ಹೇಳಿದೆ. ಆಸ್ಪತ್ರೆಗೆ ಹೊರಟಿದ್ದವಳು ಚಪ್ಪಲಿ ಹಾಕಿಕೊಳ್ಳುತ್ತ ಸರಿ ಅಪ್ಪ ಎಂದಳು. ಮುಂದಿನ ತಿಂಗಳು ರಾಜೀನಾಮೆ ಕೊಡುತ್ತೇನೆ ಎಂದೂ ಸೇರಿಸಿದಳು. ದನಿ ಒಂದು ಥರ ಇತ್ತು. ನಗುತ್ತಿದ್ದಳು, ಆದರೆ ನನ್ನ ಮುಖ ನೋಡಲಿಲ್ಲ. ಗೇಟು ದಾಟಿ ಹೋದವಳನ್ನು ನಾನೂ ನೋಡಿದೆ, ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆಯೂ ನೋಡಿದರು.

ಒಂದು ಮೊರ ತಂದು ಅತ್ತೆಯ ಕಾಲ ಹತ್ತಿರ ಕೂತೆ. ನಾನೂ ಕಾಯಿ ಸುಲಿಯತೊಡಗಿದೆ. ಏನು ಕೇಳಬೇಕೋ ಹೇಗೆ ಕೇಳಬೇಕೋ ಗೊತ್ತಾಗಲಿಲ್ಲ. ಕೊನೆಗೆ, ಅತ್ತೆ, ಮಗುವಿಗೆ ಏನೋ ಆಗಿದೆ ಅಲ್ಲವಾ ಎಂದೆ. ಅತ್ತೆ ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಸುಮ್ಮನೆ ಕೂತ ಹಾಗೇ ಕೂತರು. ನನ್ನ ಬಾಯಿಂದ ತಾನಾಗಿಯೇ ಬಂತು. ನಿಮಗೆ ಎರಡು ನಿಮಿಷ ಅಂತ ಪಟ್ಟಿ ಕೊಟ್ಟದ್ದು ತಪ್ಪಾಯಿತು ಅತ್ತೆ, ಪೀಠದ ಮೇಲೆ ನಿಂತು ದೊಡ್ಡ ದೊಡ್ಡ ಮಾತಾಡಿ ಮನೆಯಲ್ಲಿ ಹೀಗೆ ಮಾಡಿದೆ, ಕ್ಷಮಿಸಿ ಎಂದೆ. ಅತ್ತೆ ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು.

“ದೇವಾಲಯದಲ್ಲಿ ಮಗೂನ ಗುರುತು ಹಿಡಿದ್ಲಲ್ಲ ಆ ಅಜ್ಜಿ, ಅವಳಿಗೆ ಎಷ್ಟು ನಿಮಿಷ ಕೊಟ್ಟಿದ್ರಂತೋ?”

ಅತ್ತೆ ನಕ್ಕರು, ಹಾಗಾಗಿ ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು. ಆಮೇಲೆ ಅತ್ತೆ ಎಲ್ಲವನ್ನೂ ಹೇಳಿದರು. ಮಾತುಕತೆ ನಡೆದ ಸಂಜೆಯೇ ಕೃಪಾ ಅವರ ಹತ್ತಿರ ಬಂದು ಅತ್ತಿದ್ದಳಂತೆ. ಅಂಗೈಯಷ್ಟಗಲದ ಕೂಸುಗಳು, ಉಸಿರು ಬಿಡುವುದನ್ನೇ ಮರೆಯುತ್ತವೆ ಅಜ್ಜಿ, ಅಂಗಾಲು ಮೆಲ್ಲಗೆ ತಟ್ಟಿದರೆ ಮತ್ತೆ ನೆನಪು ಮಾಡಿಕೊಳ್ಳುತ್ತವೆ, ಅವನ್ನು ಬಿಟ್ಟು ನಾನು ಬನ್ನು ಎಣಿಸಿಕೊಂಡು ಹೇಗೆ ಕೂರಲಿ ಅಂದಳಂತೆ. ನಿರ್ಮಲ್‌ಗೂ ಹೇಳಿದ್ದಾಳೆ. ಅವನಿಗೆ ಅವಳು ಕೆಲಸ ಬಿಡುವುದು ಇಷ್ಟವಿಲ್ಲ, ಆದರೆ ತನ್ನಪ್ಪನ ಮುಂದೆ ನಾಲಿಗೆ ಏಳುವುದಿಲ್ಲ. ಇತ್ತ ಅವಳಪ್ಪ ನಾನು ಧಾರಾಳವಾಗಿ ಎಂದು ಮಾತು ಕೊಟ್ಟಾಗಿದೆ. ನನ್ನ ಮಾತು ಬಿದ್ದುಹೋದರೆ ನನಗೆ ಅವಮಾನ ಎಂದು ಮಗು ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ.

ಅತ್ತೆ ಅದನ್ನು ನಿಶ್ಚಿತಾರ್ಥದ ಊಟದ ಪ್ರಾರ್ಥನೆಯಲ್ಲಿ ಇಡಬೇಕೆಂದಿದ್ದರಂತೆ. ಕೃಪಾಳನ್ನೂ ಕೇಳಿ ಒಪ್ಪಿಸಿದ್ದರಂತೆ. ವೇದಿಕೆಯ ಮೇಲೆ ಕೂತು ಅವಳು ಕಾಯುತ್ತಿದ್ದದ್ದು ಅದಕ್ಕೇ. ನಾನು ಹತ್ತು ಸೆಕೆಂಡು ಉಳಿಸಿದೆನಲ್ಲ ಎಂದು ಖುಷಿಪಡುತ್ತಿದ್ದಾಗ ನನ್ನ ಮಗಳು ಅಲ್ಲಿ ಕಾಯುತ್ತ ಕೂತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಷ್ಟು ಮಾತು ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತಲ್ಲ ಅತ್ತೆ, ಹೇಳಿಬಿಡಬಾರದಿತ್ತೇ ಎಂದೆ. ಸಮಯದ ಲೆಕ್ಕ ನನ್ನ ತಲೆಯಿಂದ ಅಷ್ಟು ಬೇಗ ಇಳಿಯುತ್ತದೆಯೇ.

“ಎರಡು ನಿಮಿಷದಲ್ಲಿ ಹೇಳಿದ್ರೆ ಅದು ದೂರಾಗುತ್ತೆ ಕಣೋ. ಮೊದಲು ಅವರ ಮನೆಯವರಿಗೆಲ್ಲ ಸ್ತೋತ್ರ ಹೇಳ್ಬೇಕು. ಅವರ ಒಲೆಗೆ, ಅವರ ಕೈ ಕೆಲಸಕ್ಕೆ ಸ್ತೋತ್ರ ಹೇಳ್ಬೇಕು. ಬಾಯ್ಮಾತಿಗಲ್ಲ, ನಮ್ಮ ಮನಸ್ಸೂ ಅಷ್ಟೊತ್ತಿಗೆ ಅವರ ಮೇಲೆ ಮೆತ್ತಗಾಗ್ಬೇಕು. ಆಮೇಲೆ ತಾನೆ ಕಷ್ಟದ ಮಾತು.”

ನಾನು ಎಷ್ಟೋ ವರ್ಷ ಸಾರು ಆರುತ್ತಿದೆ ಎಂದು ಗೊಣಗಿದ ಪ್ರಾರ್ಥನೆಯ ಉದ್ದಕ್ಕೆ ಇಂಥದೊಂದು ಕಾರಣವಿತ್ತು. ಟೀಚರ್ ಕೆಲಸ ಬಿಟ್ಟು ಎಷ್ಟು ಕಾಲವಾದರೂ ಅತ್ತೆ ಇನ್ನೂ ಮನುಷ್ಯರನ್ನು ಓದುತ್ತಿದ್ದರು, ನಾನು ಅವರಿಗೆ ವರ್ಷಕ್ಕೊಂದು ಶಾಲು ಹೊದಿಸಿ ಗೌರವ ಕೊಟ್ಟೆ ಅಂದುಕೊಂಡಿದ್ದೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಪಟ್ಟಿ ಕೊಟ್ಟೆ, ಕೇಳಲಿಲ್ಲ ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಹೆಚ್ಚು ನಾಟಿತು.

ಈಗಲೇ ದೇವಪ್ರಿಯ ಅವರಿಗೆ ಫೋನ್ ಮಾಡುತ್ತೇನೆ ಎಂದು ಎದ್ದೆ. ಅತ್ತೆ ಕೂರಿಸಿದರು. ಫೋನಿನಲ್ಲಿ ಬೇಡ, ಊಟಕ್ಕೆ ಕರಿ ಎಂದರು. ಬರುವ ಭಾನುವಾರ ಎರಡನೆಯ ಪ್ರಕಟಣೆ ಮುಗಿಸಿಕೊಂಡು ಮನೆಯವರೆಲ್ಲ ಇಲ್ಲಿಗೇ ಬರಲಿ, ಹಿದುಕಿದ ಅವರೆಕಾಳು ಹಾಕಿ ಮಟನ್ ಸಾರು ಮಾಡೋಣ. ನಾನು ನಿರಾಳವಾದೆ. ಅತ್ತೆ ಎಲ್ಲ ನೋಡಿಕೊಳ್ಳುತ್ತಾರೆ, ನಾನು ಕಣ್ಣು ಮುಚ್ಚಿಕೊಂಡು ಕೂತರಾಯಿತು ಎಂದು ಲೆಕ್ಕ ಹಾಕಿದೆ. ಅತ್ತೆಗೆ ಅದೂ ಗೊತ್ತಾಯಿತು.

“ನನ್ನ ಪ್ರಾರ್ಥನೆ ಹಿಂದೆ ಅವಿತ್ಕೋಬೇಡ ಪ್ರಸಾದ. ಒಪ್ಪಿದ್ದು ನೀನು. ನಾನು ಆಮೆನ್ ಅಂದ್ಮೇಲೆ ಬಾಯಿ ಬಿಡ್ಬೇಕಾದೋನೂ ನೀನೇ.”

ಆ ಐದು ದಿನ ನನಗೆ ನಿದ್ದೆ ಹತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಎಂಥೆಂಥ ಜಗಳ ಬಿಡಿಸಿದವನು ನಾನು, ಒಬ್ಬ ಬೀಗರ ಮುಂದೆ ತಪ್ಪಾಯಿತು ಎನ್ನುವುದಕ್ಕೆ ನಾಲಿಗೆ ಒಣಗುತ್ತಿತ್ತು. ಮನಸ್ಸು ಮುರಿದು ಸಂಬಂಧ ನಿಂತೇಹೋದರೆ? ಎರಡು ಪ್ರಕಟಣೆ ಆದ ಮೇಲೆ ನಿಂತ ಮದುವೆಯ ಬಗ್ಗೆ ಸಭೆಯಲ್ಲಿ ಯಾರು ಏನೇನು ಆಡಿಕೊಳ್ಳಬಹುದು ಎಂದೆಲ್ಲ ಯೋಚನೆ. ಅತ್ತೆ ಮಾತ್ರ ಗೊರಕೆ ಹೊಡೆಯುತ್ತಿದ್ದರು, ಪಕ್ಕದ ಕೋಣೆಗೂ ಕೇಳುವ ಹಾಗೆ.

ಭಾನುವಾರ ದೇವಪ್ರಿಯ, ಅವರ ಹೆಂಡತಿ, ನಿರ್ಮಲ್ ಮೂವರೂ ಬಂದರು, ಕೈಯಲ್ಲಿ ಬೇಕರಿಯ ಪ್ಲಮ್ ಕೇಕು. ತಟ್ಟೆಗಳಿಗೆ ಮುದ್ದೆ, ಸಾರು ಬಡಿಸಿಯಾಯಿತು. ಅತ್ತೆ ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚಿದರು. ನಾನು ಕೈಗಡಿಯಾರ ಬಿಚ್ಚಿ ಕೋಣೆಯಲ್ಲಿಟ್ಟು ಬಂದಿದ್ದೆ. ಅತ್ತೆ ಅವರ ಮನೆಯಿಂದ ಶುರುಮಾಡಿದರು. ದೇವಪ್ರಿಯ ಅವರ ತಂದೆಯ ಹೆಸರು ಹೇಳಿದರು. ಆ ಹಿರಿಯರು ತಲೆಯ ಮೇಲೆ ಬುಟ್ಟಿ ಹೊತ್ತು ಬ್ರೆಡ್ಡು ಮಾರಿದ ದಿನಗಳಿಗೆ ಸ್ತೋತ್ರ ಹೇಳಿದರು. ಊರೆಲ್ಲ ಮಲಗಿರುವಾಗ ಎದ್ದು ಒಲೆ ಹೊತ್ತಿಸುವ ಕೈಗಳಿಗೆ, ಆ ಮನೆಯ ತಾಯಿಗೆ, ಅವರು ಬೆಳೆಸಿದ ಮಗನಿಗೆ ಸ್ತೋತ್ರ ಹೇಳಿದರು. ಇಷ್ಟೆಲ್ಲ ಯಾವಾಗ ತಿಳಿದುಕೊಂಡರೋ ಗೊತ್ತಿಲ್ಲ. ನಾನು ಆ ಹೊತ್ತಿಗೆ ನಿಜಕ್ಕೂ ಆ ಮನೆಯವರನ್ನು ಪ್ರೀತಿಸತೊಡಗಿದ್ದೆ.

“ತಂದೆಯೇ, ಉಸಿರಾಡೋಕೆ ಮರೆಯೋ ಕೂಸುಗಳನ್ನ ನೋಡ್ಕೊಳೋ ಕೆಲಸಾನ ನಮ್ಮ ಕೃಪಾಗೆ ನೀನೇ ಕೊಟ್ಟೆ. ಅದನ್ನ ಬಿಡೋಕೆ ಅವಳಿಗೆ ಮನಸ್ಸಿಲ್ಲ. ನಾವು ಬಿಡು ಅಂದ್ರೆ ನಗ್ತಾನೇ ಬಿಟ್ಬಿಡ್ತಾಳೆ, ಒಳಗೆ ಅತ್ಕೊಂಡಿರೋದು ನಮಗ್ಯಾರಿಗೂ ಗೊತ್ತಾಗಲ್ಲ. ಹಂಗಾಗದ ಹಾಗೆ ನೋಡ್ಕೊ. ಇಲ್ಲಿರೋ ಹಿರಿಯರಿಗೆ ದೊಡ್ಡ ಮನಸ್ಸು ಕೊಡು. ಕೊಟ್ಟಿದ್ದೀಯ ಅಂತ ನಂಗೊತ್ತು.”

ಆಮೇಲೆ ಆಸ್ಪತ್ರೆಯವರು, ಜೈಲಿನವರು, ಹಡಗು, ವಿಮಾನ ಎಲ್ಲವೂ ಒಂದೊಂದಾಗಿ ಬಂದವು. ಆಮೆನ್ ಆಯಿತು. ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಕೃಪಾ ತಲೆ ಎತ್ತಲಿಲ್ಲ. ನಾನು ಎದ್ದು ನಿಂತೆ. ಅಂದು ಧಾರಾಳವಾಗಿ ಎಂದದ್ದು ನಾನು, ಮಗಳನ್ನು ಒಂದು ಮಾತು ಕೇಳದೆ ಅಂದೆ, ತಪ್ಪು ಪೂರ್ತಿ ನನ್ನದು, ಅವಳು ಕೆಲಸ ಬಿಡುವುದು ನನಗೆ ಬೇಡ ಎಂದೆ. ಇನ್ನೂ ಏನೋ ಸೇರಿಸಬೇಕೆಂದಿದ್ದೆ, ಬರಲಿಲ್ಲ. ಕೂತೆ.

ದೇವಪ್ರಿಯ ಅವರು ನನ್ನನ್ನು ನೋಡಲೇ ಇಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ಕೃಪಾಳ ಕಡೆ ತಿರುಗಿದರು.

“ರಾತ್ರಿ ಡ್ಯೂಟಿ ಬೆಳಿಗ್ಗೆ ಎಷ್ಟೊತ್ತಿಗೆ ಮುಗಿಯುತ್ತಮ್ಮ?”

“ಎಂಟು ಗಂಟೆಗೆ, ಅಂಕಲ್.”

“ಎಂಟಕ್ಕೆ ನಮ್ಮ ಬ್ರೆಡ್ ವ್ಯಾನು ಅಂಗಡಿ ಲೈನ್ ಮುಗಿಸ್ಕೊಂಡು ನಿಮ್ಮ ಆಸ್ಪತ್ರೆ ಮುಂದೇನೇ ವಾಪಸ್ ಬರೋದು. ನಾನೇ ಓಡ್ಸೋದು. ಗೇಟ್ ಹತ್ರ ನಿಂತ್ಕೊಂಡಿರು, ಹತ್ತಿಸ್ಕೊಂಡು ಬಂದ್ಬುಡ್ತೀನಿ.”

ಹಾಗಾದರೆ ಗಲ್ಲಾದಲ್ಲಿ ಯಾರು ಕೂರುವುದು ಎಂದು ನಿರ್ಮಲ್ ಮೆಲ್ಲಗೆ ಕೇಳಿದ. ಇಷ್ಟು ವರ್ಷ ಯಾರು ಕೂತಿದ್ದರು, ಪಕ್ಕದ ಮನೆಯವರಾ ಎಂದು ಅವನ ತಾಯಿ ಗದರಿದರು. ಹೊಸ ಕುರ್ಚಿ ಮೆತ್ತಗಿದೆ, ನನಗೇ ಇರಲಿ ಎಂದೂ ಹೇಳಿದರು. ಎಲ್ಲರೂ ಒಟ್ಟಿಗೆ ನಕ್ಕೆವು. ಕೃಪಾ ನಗಲಾರದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ವನಜ ಎದ್ದು ಹೋಗುವವಳಿದ್ದಳು, ಅತ್ತೆ ಕೈಯಾಡಿಸಿ ಬೇಡ ಎಂದರು.

“ಏಳವ್ವ, ನಿಮ್ಮ ಮಾವನವರಿಗೆ ಅನ್ನ ಬಡಿಸು.”

ಅದುವರೆಗೆ ಆ ಮನೆಯವರನ್ನು ಅಂಕಲ್, ಆಂಟಿ ಎಂದೇ ಕರೆಯುತ್ತಿದ್ದವಳು ಕೃಪಾ. ನಾವ್ಯಾರೂ ತಿದ್ದಿರಲಿಲ್ಲ. ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡು ಎದ್ದಳು. ಅನ್ನದ ಪಾತ್ರೆ ಹಿಡಿದು ದೇವಪ್ರಿಯ ಅವರ ಪಕ್ಕಕ್ಕೆ ಹೋಗಿ ಒಂದು ಸೌಟು ಹಾಕಿದಳು, ಇನ್ನೊಂದು ಹಾಕಿದಳು. “ಸಾಕಾ, ಮಾವ?” ಎಂದು ಕೇಳಿದಳು. ತಟ್ಟೆ ತುಂಬಿತ್ತು. ಅವರು ಸಾಕು ಎನ್ನಲಿಲ್ಲ.